ಬೀಡಿ ಸೇದದವರ ದಮ್ಮು

ಒಲೆ ಮುಂದೆ ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ? ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಿ ನೋಡಿ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಸೀಮೆಯ ಹಳ್ಳಿ ಹೆಂಗಸರಲ್ಲಿ ಇದೇ ಗುಣಾಕಾರ ಮಾಡಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ಗುಣಲಬ್ಧ 60 ಮುಟ್ಟಿದವರಲ್ಲಿ, ವರ್ಷಗಟ್ಟಲೆ ಬಿಡದೆ ಕಾಡುವ ಕೆಮ್ಮು-ಕಫದ ಕಾಯಿಲೆ ಎದ್ದು ಕಾಣುವಷ್ಟು ಹೆಚ್ಚು. 60 ದೊಡ್ಡ ಸಂಖ್ಯೆಯೇನೂ ಅಲ್ಲ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನಾರಕ್ಕೆ ಒಲೆ ಹಿಡಿದ ಹುಡುಗಿ ಮೂವತ್ತಾರಕ್ಕೆ ಅಲ್ಲಿ ಮುಟ್ಟುತ್ತಾಳೆ. ನಾಲ್ಕು ಗಂಟೆಯ ಒಲೆಯಾದರೆ ಮೂವತ್ತೊಂದಕ್ಕೇ.

ಈ ಲೆಕ್ಕವನ್ನು ನಮ್ಮ ಉತ್ತರ ಕನ್ನಡದ ಅಂಬೇವಾಡಿಗೆ ತಂದು ನೋಡಿ. ಬ್ರಿಟಿಷರ ಕಾಲದಲ್ಲಿ ಕಾಡಿನ ಮರ ಸಾಗಿಸಲೆಂದು ಅಳ್ನಾವರದಿಂದ ಹಾಕಿದ ರೈಲು ಹಳಿ ಇವತ್ತು ಬಂದು ನಿಲ್ಲುವುದು ಇಲ್ಲಿ. ಪಕ್ಕದಲ್ಲಿ ದಾಂಡೇಲಿ ಪೇಟೆ, ಕಾಗದದ ಕಾರ್ಖಾನೆ, ಕಾಳಿ ನದಿ. ಆಚೆಗೆ ಜೋಯಿಡಾದ ಕಾಡೊಳಗಿನ ಕುಣಬಿ ಹಳ್ಳಿಗಳು, ಹಳಿಯಾಳ-ಮುಂಡಗೋಡದ ಸಿದ್ದಿ ಕೇರಿಗಳು, ಗೌಳಿ ದಡ್ಡಿಗಳು. ಕಟ್ಟಿಗೆಗೆ ಇಲ್ಲಿ ಬರವಿಲ್ಲ. ಬಯಲು ಕಡೆ ಹೋದಂತೆ ಗೋವಿನಜೋಳದ ದಂಟು, ಹತ್ತಿ ಕಟ್ಟಿಗೆ, ಕುಳ್ಳು. ಇವತ್ತು ಐವತ್ತು ದಾಟಿದ ಹೆಂಗಸರ ಗುಣಲಬ್ಧ ಇಲ್ಲಿ ನೂರು ಮೀರಿದ್ದರೆ ಯಾರೂ ಅಚ್ಚರಿಪಡಬೇಕಿಲ್ಲ. ಅವರಲ್ಲಿ ಬಹುಪಾಲು ಮಂದಿ ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ.

ಅಂಬೇವಾಡಿಯಲ್ಲಿ ಉಸಿರಿನ ಮಾತು ತೆಗೆದರೆ ಬೆರಳು ಮೊದಲು ಹೋಗುವುದು ಕಾರ್ಖಾನೆ ಚಿಮಣಿಯ ಕಡೆಗೆ. ಆ ಪ್ರಶ್ನೆ ಕೇಳಬೇಕಾದ್ದೇ, ಕೇಳುತ್ತಲೇ ಇರಬೇಕು. ಆದರೆ ಶ್ವಾಸಕೋಶಕ್ಕೆ ಮುಖ್ಯವಾಗುವುದು ಹೊಗೆ ಎಷ್ಟು ಹತ್ತಿರದಿಂದ, ಎಷ್ಟು ಹೊತ್ತು ಒಳಗೆ ಹೋಗುತ್ತದೆ ಎನ್ನುವುದು. ಗಾಳಿಯಲ್ಲಿನ ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 60. ಕಟ್ಟಿಗೆ ಒಲೆ ಉರಿಯುವ ಅಡುಗೆಮನೆಯಲ್ಲಿ ಇದು ನೂರಾರು ಇರುತ್ತದೆ. ಒಲೆ ಹೊತ್ತಿಸುವ ಹೊತ್ತಿನಲ್ಲಿ ಸಾವಿರ ದಾಟುವುದೂ ಉಂಟು. ಚಿಮಣಿ ನೋಡುತ್ತಾ ನಿಂತವರ ಬೆನ್ನ ಹಿಂದೆಯೇ ಅದಕ್ಕಿಂತ ಸಮೀಪದ ಹೊಗೆ ಇದೆ.

ಗ್ಯಾಸ್ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ, ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸುಮಾರು ಶೇ. 80 ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತೇವೆ ಎಂದಿವೆ. ಅದರ ಹಿಂದಿನ ಸುತ್ತಿನಲ್ಲಿ ಇದು ಸುಮಾರು ಶೇ. 55 ಇತ್ತು. ಸಣ್ಣ ಸಾಧನೆಯಲ್ಲ. ಆದರೆ ಸಿಲಿಂಡರ್ ಮನೆಯಲ್ಲಿರುವುದು ಬೇರೆ, ಒಲೆ ಆರಿರುವುದು ಬೇರೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಮನೆಗಳು 2019-20ರಲ್ಲಿ ಸರಾಸರಿ ವರ್ಷಕ್ಕೆ ಮೂರೇ ಸಿಲಿಂಡರ್ ತುಂಬಿಸಿಕೊಂಡವು. ಆಮೇಲೆ ಸಂಖ್ಯೆ ಏರಿದೆ, ಆದರೂ ಐದಾರು ಮಂದಿಯ ಮನೆಗೆ ಸಾಲುವಷ್ಟಲ್ಲ. ಚಹಾ, ಉಪ್ಪಿಟ್ಟು, ನೆಂಟರು ಬಂದಾಗಿನ ಅಡುಗೆ ಗ್ಯಾಸಿನ ಮೇಲೆ. ಅನ್ನ, ರೊಟ್ಟಿ, ದನದ ಕಲಗಚ್ಚು ಕಟ್ಟಿಗೆ ಮೇಲೆ.

ಇನ್ನು ಬಚ್ಚಲ ಒಲೆ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಸಮೀಕ್ಷೆಯವರು ಕೇಳುವುದು ಅಡುಗೆಯ ಇಂಧನ. ಹಂಡೆ ಕಾಯಿಸುವುದು ಅಡುಗೆಯಲ್ಲವಲ್ಲ! ಬೆಳಿಗ್ಗೆ ಐದೂವರೆಗೆ ಅರೆ ಒದ್ದೆ ಸೌದೆಯನ್ನು ಹಂಡೆ ಕೆಳಗೆ ತುರುಕಿ, ತೆಂಗಿನ ಸಿಪ್ಪೆಯೋ ಹರಿದ ಪ್ಲಾಸ್ಟಿಕ್ ಚೀಲವೋ ಇಟ್ಟು ಕಡ್ಡಿ ಗೀರಿ, ಬಗ್ಗಿ ಕೂತು ಊದುಗೊಳವೆಯಲ್ಲಿ ಊದುವುದನ್ನು ಗಮನಿಸಿ. ಒಂದು ಸಲ ಊದಬೇಕಾದರೆ ಮೊದಲು ಎದೆ ತುಂಬ ಉಸಿರೆಳೆದುಕೊಳ್ಳಬೇಕು. ಎಳೆದುಕೊಳ್ಳುವುದು ಅಲ್ಲೇ, ಒಲೆ ಬಾಯಿಯಿಂದ ಒಂದು ಗೇಣು ದೂರದಲ್ಲಿ. ಕಣ್ಣಲ್ಲಿ ನೀರು, ಎರಡು ಕೆಮ್ಮು, ಮತ್ತೆ ಊದು. ಬಚ್ಚಲಿಗೆ ಇರುವುದು ಒಂದು ಸಣ್ಣ ಗವಾಕ್ಷಿ. ಗ್ಯಾಸ್ ಇರುವ ಮನೆ, ಟೈಲ್ಸ್ ಹಾಕಿದ ಮನೆ, ಬೈಕು ನಿಂತ ಮನೆಯಲ್ಲೂ ಈ ಕೆಲಸ ವರ್ಷವಿಡೀ ನಡೆಯುತ್ತದೆ. ಮಳೆಗಾಲದಲ್ಲಿ ಎರಡು ಪಟ್ಟು.

ಈ ಹೊಗೆ ತರುವ ಕಾಯಿಲೆಯ ಹೆಸರು ಸಿಒಪಿಡಿ. ಶ್ವಾಸನಾಳಗಳು ವರ್ಷಗಟ್ಟಲೆ ಹೊಗೆಗೆ ಉರಿದು, ಊದಿ, ಒಳಗೋಡೆ ದಪ್ಪವಾಗಿ ಕಿರಿದಾಗುತ್ತವೆ. ಗಾಳಿಚೀಲಗಳ ಗೋಡೆಗಳು ಅಲ್ಲಲ್ಲಿ ಹರಿದು ಒಂದಾಗುತ್ತವೆ. ಉಸಿರು ಒಳಗೆ ಹೋಗುತ್ತದೆ, ಪೂರ್ತಿ ಹೊರಗೆ ಬರುವುದಿಲ್ಲ. ಹಳೆ ಗಾಳಿ ಖಾಲಿಯಾಗುವ ಮೊದಲೇ ಹೊಸತನ್ನು ಎಳೆಯಬೇಕು. ಆದ್ದರಿಂದಲೇ ದಮ್ಮು ಹತ್ತಿದವರು ಗಾಳಿ ಸಾಲದೆಂದು ಒದ್ದಾಡುವಾಗ ಅವರ ಎದೆ ಗಾಳಿಯಿಂದ ಬಿಗಿದಿರುತ್ತದೆ. ಅಸ್ತಮಾದಲ್ಲಿ ಕಿರಿದಾದ ನಾಳ ಔಷಧಕ್ಕೆ ಬಹುಮಟ್ಟಿಗೆ ಮತ್ತೆ ಅಗಲವಾಗುತ್ತದೆ. ಇಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಕಾಯುವುದಷ್ಟೇ ಚಿಕಿತ್ಸೆ.

2016ರಲ್ಲಿ ದೇಶದಲ್ಲಿ ಸುಮಾರು 5.53 ಕೋಟಿ ಜನರಿಗೆ ಈ ಕಾಯಿಲೆ ಇತ್ತು, 1990ರಲ್ಲಿ 2.81 ಕೋಟಿ. ಇದು 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು. ಅದೇ ಅಧ್ಯಯನದ ಪ್ರಕಾರ ಈ ಕಾಯಿಲೆಯ ಹೊರೆಯಲ್ಲಿ ಶೇ. 53.7ಕ್ಕೆ ಒಳಗಿನ ಮತ್ತು ಹೊರಗಿನ ವಾಯುಮಾಲಿನ್ಯ ಕಾರಣ, ಶೇ. 25.4ಕ್ಕೆ ತಂಬಾಕು, ಶೇ. 16.5ಕ್ಕೆ ಕೆಲಸದ ಜಾಗದ ದೂಳು-ಹೊಗೆ. ಆದರೂ ನಮ್ಮ ಗೋಡೆಗಳ ಮೇಲಿನ ಆರೋಗ್ಯ ಚಿತ್ರಗಳಲ್ಲಿ ಶ್ವಾಸಕೋಶ ಎಂದರೆ ಸಿಗರೇಟು ಹಿಡಿದ ಗಂಡಸು. ಗಂಡಸರ ಪಾಲು ಇಲ್ಲವೆಂದಲ್ಲ. ಈ ಸೀಮೆಯಲ್ಲಿ ಬೀಡಿ ಇದೆ, ಜೋಯಿಡಾ ಕಡೆಯ ಹಳೆ ಮ್ಯಾಂಗನೀಸ್ ಗಣಿಗಳಲ್ಲಿ ದುಡಿದವರಿದ್ದಾರೆ, ಕಲ್ಲು ಕ್ವಾರಿಯ ದೂಳು ಕುಡಿದವರಿದ್ದಾರೆ, ಕಬ್ಬಿನ ರವದಿಗೆ ಬೆಂಕಿ ಹಚ್ಚುವ ಹಳಿಯಾಳದ ಗದ್ದೆಗಳಿವೆ. ಕ್ಷಯ ವಾಸಿಯಾದ ಮೇಲೆ ಉಳಿದ ಗಾಯದಿಂದಲೂ ನಾಳಗಳು ಕಿರಿದಾಗುತ್ತವೆ; ಟಿಬೆಟಿಯನ್ ನಿರಾಶ್ರಿತರಲ್ಲಿ ಕ್ಷಯದ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಹೆಚ್ಚೆಂದು ಅಧ್ಯಯನಗಳು ಹೇಳಿರುವುದರಿಂದ ಮುಂಡಗೋಡದ ಕ್ಯಾಂಪುಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆದರೆ ಇವರೆಲ್ಲರನ್ನೂ ಯಾರಾದರೂ ಒಮ್ಮೆಯಾದರೂ ಕೇಳಿರುತ್ತಾರೆ. ಒಲೆ ಮುಂದಿನವಳನ್ನು ಕೇಳುವವರೇ ಇಲ್ಲ.

ಇದು ಮುಂದೆ ಬರುವ ಕೇಡೂ ಹೌದು; ಕಾರಣ ಈ ಕಾಯಿಲೆಯ ನಿಧಾನ. ಆರೋಗ್ಯವಂತರಲ್ಲೂ ಯೌವನ ಕಳೆದ ಮೇಲೆ ಊದುವ ಶಕ್ತಿ ವರ್ಷಕ್ಕೆ 30 ಮಿಲಿಲೀಟರ್ ಆಸುಪಾಸು ಇಳಿಯುತ್ತದೆ. ಹೊಗೆ ತಟ್ಟಿದ ಎಷ್ಟೋ ಮಂದಿಯಲ್ಲಿ, ಅದರಲ್ಲೂ ತಂಬಾಕಿನವರಲ್ಲಿ, ಇಳಿಜಾರು ಕಡಿದು. ಆದರೆ ಶ್ವಾಸಕೋಶದಲ್ಲಿ ಮೀಸಲು ಎಷ್ಟಿದೆಯೆಂದರೆ ಅರ್ಧದಷ್ಟು ಕಳೆಯುವವರೆಗೂ ಮನೆಗೆಲಸ ಸಾಗುತ್ತದೆ. ಗೊತ್ತಾಗುವ ಹೊತ್ತಿಗೆ ಐವತ್ತೈದು. ಹೀಗಾಗಿ 1990, 2000ದ ದಶಕಗಳಲ್ಲಿ ಕುಡಿದ ಹೊಗೆಯ ಫಲ ಬರಬೇಕಾದ್ದು ಈಗ, ಇನ್ನು ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ. ಇವತ್ತೇ ಎಲ್ಲ ಒಲೆ ಆರಿಸಿದರೂ ಆ ಸಾಲು ನಿಲ್ಲುವುದಿಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದ ಶ್ವಾನ್‌ವೇಯಲ್ಲಿ ಚಿಮಣಿ ಇಲ್ಲದ ಕಲ್ಲಿದ್ದಲು ಒಲೆಗಳ ಮನೆಗಳಲ್ಲಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಆಮೇಲೆ ಒಲೆಗೆ ಚಿಮಣಿ ಕಟ್ಟಿಸಿಕೊಂಡವರ ಪೈಕಿ ಸಿಒಪಿಡಿ ಗಂಡಸರಲ್ಲಿ ಸುಮಾರು ಶೇ. 42, ಹೆಂಗಸರಲ್ಲಿ ಶೇ. 25 ಕಡಿಮೆಯಾಗಿತ್ತು. ಆದರೆ ಆ ಇಳಿಕೆ ಸ್ಪಷ್ಟವಾಗಿ ಕಂಡದ್ದು ಚಿಮಣಿ ಕಟ್ಟಿ ಸುಮಾರು ಹತ್ತು ವರ್ಷವಾದ ಮೇಲೆ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಶ್ವಾಸಕೋಶ ವೇಗವಾಗಿ ಸವೆದದ್ದಲ್ಲ, ಯೌವನದಲ್ಲೇ ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ ಎಂದು 2015ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಶ್ವಾಸಕೋಶ ಬೆಳೆಯುವುದು ಇಪ್ಪತ್ತರ ಆಚೀಚೆಯವರೆಗೆ. ಒಲೆ ಮುಂದೆ ಕೂತ ಸೊಸೆಯ ಮಡಿಲಲ್ಲಿ, ಬಗಲಲ್ಲಿ ಇರುವ ಕೂಸು ಅದೇ ಗಾಳಿ ಕುಡಿಯುತ್ತಿದೆ. ಅದರ ಲೆಕ್ಕ 2070ಕ್ಕೆ.

ಇನ್ನು ಕಾಯಿಲೆ ಬಂದವರ ಪಾಡು. ಹೆಚ್ಚಿನವರ ಹಾದಿ ಒಂದೇ ಥರ. ಮೊದಮೊದಲು ಏರು ಹತ್ತುವಾಗ ನಿಲ್ಲುವುದು. ಆಮೇಲೆ ಎರಡು ಕೊಡದ ಬದಲು ಒಂದೇ ಕೊಡ. ಮದುವೆ, ಜಾತ್ರೆಗೆ ಹೋಗುವುದು ಬಿಟ್ಟುಹೋಗುತ್ತದೆ. ಕೇಳಿದರೆ ಉತ್ತರ ತಯಾರಿದೆ: “ವಯಸ್ಸಾತು, ದಮ್ಮು ಹತ್ತೂದ.” ಮಳೆಗಾಲದಲ್ಲೊಂದು ದಿನ ನೆಗಡಿಯಾಗಿ ಕಫ ಹಸಿರಾಗಿ, ರಾತ್ರಿ ಮಲಗಲಾಗದೆ ಎದ್ದು ಕೂತಾಗ ಹತ್ತಿರದ ದವಾಖಾನೆ, ಒಂದು ಇಂಜೆಕ್ಷನ್, ನಾಲ್ಕು ಥರದ ಗುಳಿಗೆ. ಎರಡು ದಿನದಲ್ಲಿ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಮೋಸ. ಇಂಜೆಕ್ಷನ್ನಿನಲ್ಲಿದ್ದದ್ದು ಬಹುಮಟ್ಟಿಗೆ ಸ್ಟೀರಾಯ್ಡ್. ಉರಿ ತಗ್ಗಿಸಿತು, ಕಾಯಿಲೆ ಇದ್ದಲ್ಲೇ ಇದೆ. ಹೀಗೆ ಒಮ್ಮೆ ಕೆರಳಿದಾಗಲೆಲ್ಲ ಶ್ವಾಸಕೋಶ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಎಷ್ಟೋ ಮಂದಿಯಲ್ಲಿ ಮತ್ತೆ ಮೇಲೆ ಏರುವುದಿಲ್ಲ. ಕೆಲವರು ಆ ಸ್ಟೀರಾಯ್ಡ್ ಗುಳಿಗೆಯ ಚೀಟಿ ಇಟ್ಟುಕೊಂಡು ತಾವೇ ತಿಂಗಳುಗಟ್ಟಲೆ ತಿನ್ನುತ್ತಾರೆ. ಸಕ್ಕರೆ ಕಾಯಿಲೆ, ಸವೆದ ಮೂಳೆ, ಕಣ್ಣಿನ ಪೊರೆ ಆ ದಾರಿಯಲ್ಲಿ ಬರುತ್ತವೆ. ಕೆರಳಿದಾಗ ಐದು ದಿನದ ಗುಳಿಗೆ ಹದಿನಾಲ್ಕು ದಿನದ ಗುಳಿಗೆಯಷ್ಟೇ ಕೆಲಸ ಮಾಡುತ್ತದೆ ಎನ್ನುವುದು 2013ರಲ್ಲೇ ಸಾಬೀತಾಗಿದೆ.

ಮೊದಲು ಬೇಕಾದ್ದು ಪರೀಕ್ಷೆ. ಎಕ್ಸ್‌ರೇ ಇದನ್ನು ಬೇಗ ಹಿಡಿಯುವುದಿಲ್ಲ, ರಕ್ತಪರೀಕ್ಷೆಯೂ ಹಿಡಿಯುವುದಿಲ್ಲ. ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಆಗಬೇಕು. ಎದೆ ತುಂಬ ಎಳೆದು ಒಂದೇ ಬಿರುಸಿನಲ್ಲಿ ಪೂರ್ತಿ ಊದಬೇಕು. ಒಟ್ಟು ಊದಿದ್ದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದ ಪಾಲು, ನಾಳ ಅಗಲಿಸುವ ಔಷಧ ಕೊಟ್ಟ ಮೇಲೂ ಶೇ. 70ಕ್ಕಿಂತ ಕಡಿಮೆಯಿದ್ದರೆ ತಡೆ ಇದೆ ಎಂದರ್ಥ. ದುಬಾರಿ ಯಂತ್ರವಲ್ಲ, ನೋವಿಲ್ಲ. ಆದರೆ ದಾಂಡೇಲಿ, ಜೋಯಿಡಾ ಕಡೆಯವರು ಶ್ವಾಸಕೋಶ ತಜ್ಞರನ್ನು ಹುಡುಕಿ ಸಾಮಾನ್ಯವಾಗಿ ಹೋಗುವುದು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಉತ್ತರ ಕನ್ನಡದವರು ಜಾಲತಾಣಗಳಲ್ಲಿ ದೊಡ್ಡ ಕೂಗು ಎಬ್ಬಿಸಿದ್ದು ನೆನಪಿರಬಹುದು. ಆಸ್ಪತ್ರೆ ಬರಲಿ. ಆದರೆ ಈ ಒಂದು ಪರೀಕ್ಷೆಗೆ ಅಷ್ಟು ದೊಡ್ಡ ಕಟ್ಟಡವೇನೂ ಬೇಕಿಲ್ಲ.

ಚಿಕಿತ್ಸೆಯ ಬೆನ್ನೆಲುಬು ಇನ್‌ಹೇಲರ್. ಜನರ ಬಾಯಲ್ಲಿ ಪಂಪು. ಅದರ ಮೇಲಿನ ಅಪನಂಬಿಕೆ ಮಾತ್ರ ಕರಗುತ್ತಿಲ್ಲ. ಪಂಪು ಹಚ್ಚಿದರೆ ಚಟವಾಗುತ್ತದೆ, ಅದು ಕೊನೇ ಔಷಧ, ಹುಡುಗಿಗೆ ಗಂಡು ಸಿಗುವುದಿಲ್ಲ! ಲೆಕ್ಕ ನೋಡಿ: ಸಾಲ್ಬುಟಮಾಲ್ ಗುಳಿಗೆ ಒಂದರಲ್ಲಿ 4 ಮಿಲಿಗ್ರಾಂ ಔಷಧ, ಅದೇ ಔಷಧ ಪಂಪಿನ ಎರಡು ಒತ್ತಿನಲ್ಲಿ 0.2 ಮಿಲಿಗ್ರಾಂ, ಇಪ್ಪತ್ತರಲ್ಲೊಂದು ಪಾಲು. ನೇರ ನಾಳಕ್ಕೆ ಹೋಗುವುದರಿಂದ ಅಷ್ಟು ಸಾಕು. ಗುಳಿಗೆ ರಕ್ತದಲ್ಲಿ ಮೈಯೆಲ್ಲ ಸುತ್ತಿ ಬರುವುದರಿಂದಲೇ ಕೈ ನಡುಕ, ಎದೆಬಡಿತ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ದಮ್ಮು ಹತ್ತಿದಾಗ ಮಾತ್ರ ಹೊಡೆಯುವ ಪಂಪು ಬೇರೆ, ಹಾಯಾಗಿರುವ ದಿನವೂ ತಪ್ಪದೆ ತೆಗೆದುಕೊಳ್ಳುವ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನಾಳ ಅಗಲವಿಡುವ ಪಂಪು ಬೇರೆ. ಕಾಯಿಲೆ ಕೆರಳದಂತೆ ತಡೆಯುವುದು ಎರಡನೆಯದು. ಹಾಯೆನಿಸಿತೆಂದು ಜನ ಬಿಡುವುದೂ ಅದನ್ನೇ.

ತೆಗೆದುಕೊಳ್ಳುವ ರೀತಿ ತಪ್ಪಿದರೆ ಔಷಧ ನಾಲಗೆಗೆ, ಗಂಟಲಿಗೆ. ಒತ್ತುವ ಪಂಪಾದರೆ ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಎಳೆಯಲು ಶುರು ಮಾಡಿ ಆಗ ಒತ್ತಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನವಾದರೆ ಉಲ್ಟಾ, ಬಿರುಸಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರಿದ್ದಾರೆ. ಹಳ್ಳಿಯವರ ಅಜ್ಞಾನವೆಂದು ನಗಬೇಡಿ. ನುಂಗಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಕರೇ 2008ರಲ್ಲಿ ತಮ್ಮ ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. ಕೈ-ಉಸಿರಿನ ಹೊಂದಾಣಿಕೆ ಆಗದ ಅಜ್ಜಿಯರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಅದೂ ಇಲ್ಲವೆಂದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದರೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಅಸ್ತಮಾದ ಮಕ್ಕಳ ಮೇಲೆ ಪರೀಕ್ಷಿಸಿ, ಇಂಥ ಬಾಟಲಿ ಅಂಗಡಿಯ ಸ್ಪೇಸರಿಗೆ ಸಮವೆಂದು 1999ರಲ್ಲಿ ತೋರಿಸಿದ್ದಾರೆ. ಸ್ಟೀರಾಯ್ಡ್ ಇರುವ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಅಗ್ರ ಬರುತ್ತದೆ.

ಔಷಧವಲ್ಲದ ಔಷಧಗಳೂ ಇವೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ. ದಮ್ಮು ಹತ್ತುತ್ತದೆಂದು ಕೂತೇ ಇದ್ದರೆ ಕಾಲಿನ ಮಾಂಸ ಕರಗಿ ದಮ್ಮು ಇನ್ನೂ ಬೇಗ ಹತ್ತುತ್ತದೆ; ಆದ್ದರಿಂದ ನಿತ್ಯ ಅಳತೆಯ ನಡಿಗೆ, ನಿಂತು ನಿಂತು ನಡೆದರೂ ಸರಿ. ಮೂಗಿನಲ್ಲಿ ಎಳೆದು, ಸೀಟಿ ಹೊಡೆಯುವವರಂತೆ ತುಟಿ ಕಿರಿದು ಮಾಡಿ ಎರಡರಷ್ಟು ಹೊತ್ತು ಬಿಡುವ ಅಭ್ಯಾಸ ಆ ಬಿಗಿದ ಗಾಳಿಯನ್ನು ಹೊರಹಾಕುತ್ತದೆ.

ಆಮ್ಲಜನಕದ ವಿಷಯದಲ್ಲಿ ಮಾತ್ರ ಹೆಚ್ಚು ಜಾಗ್ರತೆ. ರಕ್ತದ ಆಮ್ಲಜನಕ ಆರಾಮವಾಗಿರುವಾಗಲೂ ಶೇ. 88 ಅಥವಾ ಅದಕ್ಕಿಂತ ಕೆಳಗೆ ನಿಂತವರಿಗೆ ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಆಮ್ಲಜನಕ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎನ್ನುವುದು 1980-81ರ ಎರಡು ಅಧ್ಯಯನಗಳಿಂದ ಗೊತ್ತಾದದ್ದು. ದಮ್ಮು ಹತ್ತಿದಾಗ ಅರ್ಧ ಗಂಟೆ ಕೊಟ್ಟರೆ ಆ ಲಾಭವಿಲ್ಲ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬುದೂ ಸುಳ್ಳು. ಸಿಒಪಿಡಿಯವರಿಗೆ ಗುರಿ ಶೇ. 88ರಿಂದ 92. ಅದರ ಮೇಲೆ ಒತ್ತಾಯದಿಂದ ಏರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ಹೀಗೆ ಅಳೆದು ಕೊಟ್ಟಾಗ ಸಾವು ಅರ್ಧಕ್ಕಿಂತ ಹೆಚ್ಚು ತಗ್ಗಿತು, 2010ರ ವರದಿ. ಕೋವಿಡ್ ಕಾಲದಲ್ಲಿ 98 ನೋಡಿ ಸಮಾಧಾನಪಟ್ಟು ರೂಢಿಯಾದ ನಾವು 88-92 ಎಂಬ ಈ ಗುರಿಯನ್ನು ಬರೆದಿಟ್ಟುಕೊಳ್ಳಬೇಕು. ಆಮ್ಲಜನಕದ ಯಂತ್ರಕ್ಕೆ ಕರೆಂಟು ಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಜೋಯಿಡಾದ ಹಳ್ಳಿಗಳಲ್ಲಿ ಸಿಲಿಂಡರ್ ಜೊತೆಗಿರಲೇಬೇಕು. ಮತ್ತೆ ಆಮ್ಲಜನಕ ಹರಿಯುವ ಕೋಣೆಯಲ್ಲಿ ಬೀಡಿಯಾಗಲಿ ಒಲೆಯಾಗಲಿ ದೇವರ ದೀಪವಾಗಲಿ ಇರಕೂಡದು. ಒಂದೇ ಕಿಡಿ ಸಾಕು.

ಖರ್ಚಿನ ತಮಾಷೆ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆ ಸೇರಿದರೆ ಕೆಲಸಕ್ಕೆ ಬರುತ್ತದೆ. ಸೇರದಂತೆ ತಡೆಯುವ ನಿತ್ಯದ ಪಂಪಿಗೆ ಬರುವುದಿಲ್ಲ. ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಸಿಒಪಿಡಿಯೂ ಈಗ ಸೇರಿದೆ. ಬಿಪಿ, ಸಕ್ಕರೆ ಗುಳಿಗೆಯಂತೆ ಪಂಪೂ ತಿಂಗಳು ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗಬೇಕೆಂದು ಕೇಳುವುದಕ್ಕೆ ಅದೇ ಆಧಾರ. ಅಲ್ಲಿಯವರೆಗೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಬೆಲೆ ಕಡಿಮೆ.

ಹೊಗೆ ನಿಲ್ಲಿಸುವುದರಿಂದ ಈಗ ಏನು ಪ್ರಯೋಜನ ಎಂದು ಕೇಳುವವರಿಗೆ ಮೆಕ್ಸಿಕೋದ ಉತ್ತರವಿದೆ. ಅಲ್ಲಿ ಹದಿನೈದು ವರ್ಷ ನೋಡಿದಾಗ ಕಟ್ಟಿಗೆ ಹೊಗೆಯಿಂದ ಸಿಒಪಿಡಿ ಬಂದ ಹೆಂಗಸರ ಊದುವ ಶಕ್ತಿ ವರ್ಷಕ್ಕೆ ಸರಾಸರಿ 23 ಮಿಲಿಲೀಟರ್ ಇಳಿಯಿತು, ತಂಬಾಕಿನಿಂದ ಬಂದವರಲ್ಲಿ 42. ಅಂದರೆ ಒಲೆಯವರ ಇಳಿಜಾರು ಅಷ್ಟು ಕಡಿದಲ್ಲ, ಹಿಡಿದು ನಿಲ್ಲಿಸಲು ಅವಕಾಶವಿದೆ. ದಾರಿ ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದ ಒಲೆ ಉತ್ತರ ಕನ್ನಡದಲ್ಲಿ ಮನೆಮಾತು. ಹಂಡೆಗೂ ಅಸ್ತ್ರ ಒಲೆಯುಂಟು. ಚಿಮಣಿ ಕಟ್ಟಿದ ಮಸಿ ತೆಗೆಯದೆ, ಒಡೆದದ್ದಕ್ಕೆ ಗಾರೆ ಹಚ್ಚದೆ ಬಿಟ್ಟರೆ ಅದೂ ಹೊಗೆ ಒಲೆಯೇ. ನನ್ನನ್ನು ಕೇಳಿದರೆ, ಗ್ಯಾಸ್ ಇರುವ ಮನೆಯಲ್ಲಿ ಮುಂದಿನ ಖರ್ಚು ಬಚ್ಚಲಿಗೆ ಆಗಬೇಕು: ಸೋಲಾರ್ ಹೀಟರ್, ಆಗದಿದ್ದರೆ ಚಿಮಣಿಯ ಹಂಡೆ ಒಲೆ, ಅದೂ ಆಗದಿದ್ದರೆ ಒಲೆಯನ್ನು ಬಯಲಿಗೆ ತಂದು ಮಳೆಗೆ ಮೊದಲೇ ಒಣಗಿಸಿಟ್ಟ ಸೌದೆ. ಮನೆಯಲ್ಲಿ ದಮ್ಮಿನವರಿದ್ದರೆ ಒಲೆ ಹಚ್ಚುವ ಕೆಲಸ ಇನ್ನೊಬ್ಬರು ವಹಿಸಿಕೊಳ್ಳಬೇಕು. ಗಂಡಸರೂ ಊದಬಹುದು.

ಕಫದ ಬಣ್ಣ ಬದಲಾಗಿ, ಪ್ರಮಾಣ ಹೆಚ್ಚಿ, ದಮ್ಮು ದಿನದಿಂದ ದಿನಕ್ಕೆ ಏರಿದರೆ ಅವತ್ತೇ ವೈದ್ಯರ ಬಳಿ ಹೋಗಿ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ಹಗಲಲ್ಲೇ ಮಂಪರು ಕವಿದರೆ 108ಕ್ಕೆ ಕರೆ ಮಾಡಿ. ನಿದ್ದೆ ಬಂತೆಂದು ಮಲಗಿಸಬೇಡಿ. ಇಷ್ಟರ ಮಟ್ಟಿಗೆ ಹೋಗುವ ಮೊದಲೇ, ಈ ಮಳೆಗಾಲಕ್ಕೆ ಮುಂಚೆ, ನಿಮ್ಮ ಮನೆಯಲ್ಲಿ ನಲವತ್ತು ದಾಟಿದ, ಒಲೆ ಮುಂದೆ ವರ್ಷಗಟ್ಟಲೆ ಕೂತ, ಕೊಡ ಹೊತ್ತು ನಡುದಾರಿಯಲ್ಲಿ ನಿಲ್ಲುವ ಅವ್ವನೋ ಅತ್ತೆಯೋ ಇದ್ದರೆ ಒಮ್ಮೆ ಸ್ಪೈರೊಮೆಟ್ರಿ ಮಾಡಿಸಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಕೇಳಿ. ಯಂತ್ರ ಇಲ್ಲವೆಂದರೆ, ಅಥವಾ ಯಂತ್ರವಿದ್ದು ನಡೆಸುವವರಿಲ್ಲವೆಂದರೆ, ಅದನ್ನು ಒಂದು ಹಾಳೆಯಲ್ಲಿ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.